ಕಪಿಲೆಯ ದಡದ ಹುಡುಗ, ಬರ್ಲಿನ್ನಿನ ಕಾರ್ಡು

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಗೌತಮ ರಥ ಬೀದಿಗಿಳಿಯುವ ಮೊದಲೇ ದೇವಸ್ಥಾನದ ಸುತ್ತ ಅಂಗಡಿಗಳು ಎದ್ದಿರುತ್ತವೆ. ಬಳೆ, ಬತ್ತಾಸು, ಕಡ್ಲೆಪುರಿಯ ಸಾಲಿನ ನಡುವೆ ಪಟದ ಅಂಗಡಿಯೊಂದು ಇದ್ದೇ ಇರುತ್ತದೆ. ಮೇಲಿನ ಸಾಲಿನಲ್ಲಿ ಶ್ರೀಕಂಠೇಶ್ವರ, ಚಾಮುಂಡೇಶ್ವರಿ, ಮಲೆ ಮಾದಪ್ಪ. ಕೆಳಗಿನ ಸಾಲಿನಲ್ಲಿ ರಾಜ್‌ಕುಮಾರ್, ವಿಷ್ಣುವರ್ಧನ್, ಶಂಕರ್‌ನಾಗ್, ಪುನೀತ್. ಅಮ್ಮ ದೇವರ ಪಟದ ಚೌಕಾಶಿಗೆ ನಿಂತರೆ ಮಗ ಕೆಳಗಿನ ಸಾಲಿನ ಮೇಲೆ ಬೆರಳಾಡಿಸುತ್ತಾನೆ. ದೇವರು ಪೂಜೆಯ ಗೂಡಿಗೆ, ನಾಯಕನಟ ಬೀರುವಿನ ಬಾಗಿಲಿಗೆ. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಜನ ಸೇರುವ ದಿನಗಳಲ್ಲೂ ಇದೇ ನೋಟ.

ಮೆಚ್ಚಿದ ನಟನ ಮುಖ ಕೈಯಳತೆಯ ಕಾಗದದಲ್ಲಿ ತನ್ನ ಬಳಿ ಇರಬೇಕು, ಅದರ ಮೇಲೆ ಆತನ ಸಹಿಯೂ ಬಿದ್ದರೆ ಇನ್ನೇನು ಬೇಕು! ಈ ಆಸೆ ನಮ್ಮ ಕಡೆಯದಷ್ಟೇ ಅಲ್ಲ. ನೂರು ವರ್ಷದ ಹಿಂದೆ ಜರ್ಮನಿಯಲ್ಲಿ ಇದೇ ಆಸೆ ಒಂದು ದೊಡ್ಡ ಉದ್ಯಮವಾಗಿ ಬೆಳೆದಿತ್ತು. ಆಗ ಅಚ್ಚಾದ ಚಿತ್ರತಾರೆಯರ ಕಾರ್ಡುಗಳನ್ನು, ಅದರಲ್ಲೂ ಸಹಿ ಇರುವುದನ್ನು, ಇಂದು ಲೋಕದ ನಾನಾ ಕಡೆ ಜನ ಹುಡುಕಿ ಹುಡುಕಿ ಕೂಡಿಡುತ್ತಾರೆ. ಇದು ದೂರದ ಊರಿನ ಹವ್ಯಾಸ, ನಮಗೇನು ಸಂಬಂಧ ಎನ್ನುವಂತಿಲ್ಲ. ಆ ಕಾರ್ಡುಗಳ ಕತೆಯನ್ನು ಹಿಡಿದು ಹೊರಟರೆ ದಾರಿ ನೇರವಾಗಿ ನಮ್ಮ ಕಪಿಲೆಯ ದಡಕ್ಕೇ ಬಂದು ನಿಲ್ಲುತ್ತದೆ.

ಅಂಚೆಕಾರ್ಡಿನಿಂದ ತಾರೆಯ ಕಾರ್ಡಿಗೆ

ಅಂಚೆಕಾರ್ಡು ಮೊದಲು ಬಳಕೆಗೆ ಬಂದದ್ದು 1869ರ ಅಕ್ಟೋಬರ್ 1ರಂದು, ಆಸ್ಟ್ರಿಯಾ-ಹಂಗರಿಯಲ್ಲಿ. ಹತ್ತು ವರ್ಷದ ನಂತರ, 1879ರಲ್ಲಿ, ಕಾಲಾಣೆಯ ಕಾರ್ಡು ಭಾರತಕ್ಕೂ ಬಂತು. ಒಂದು ಬದಿಗೆ ಚಿತ್ರ ಅಚ್ಚುಹಾಕುವ ರೂಢಿ ಬೆಳೆದ ಮೇಲೆ ಊರು, ದೇವಸ್ಥಾನ, ರಾಜರು, ಕುಣಿಯುವವರು, ಕುಸ್ತಿಯವರು ಎಲ್ಲರೂ ಕಾರ್ಡಿನ ಮೇಲೆ ಬಂದರು.

ಚಿತ್ರಗಳನ್ನು ಬಣ್ಣದಲ್ಲಿ ಅಚ್ಚುಹಾಕುವ ವಿದ್ಯೆಯಲ್ಲಿ ಆಗ ಜರ್ಮನ್ನರದೇ ಮೇಲುಗೈ. ಇದಕ್ಕೆ ಸಾಕ್ಷಿ ನಮ್ಮ ಅಜ್ಜಿಯರ ದೇವರ ಗೂಡಿನಲ್ಲೇ ಇತ್ತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಶುರುಮಾಡಿದ ಮುದ್ರಣಾಲಯಕ್ಕೆ ಯಂತ್ರ ಬಂದದ್ದೂ ಜರ್ಮನಿಯಿಂದ, ಅದನ್ನು ನಡೆಸುವವರು ಬಂದದ್ದೂ ಅಲ್ಲಿಂದಲೇ. ಕೆಲವು ವರ್ಷಗಳಲ್ಲಿ ರವಿವರ್ಮ ಅದನ್ನು ಫ್ರಿಟ್ಸ್ ಶ್ಲೈಖರ್ ಎಂಬ ಜರ್ಮನ್ ಮುದ್ರಕನಿಗೆ ಮಾರಿಬಿಟ್ಟರು. ಮೂಲ ವರ್ಣಚಿತ್ರಗಳನ್ನು ನೋಡಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕಿತ್ತು. ಆ ಅಚ್ಚುಮನೆಯ ಲಕ್ಷ್ಮಿ ಸರಸ್ವತಿಯರಾದರೋ ಹಳ್ಳಿಹಳ್ಳಿಯ ಗೋಡೆಗೆ ತಲುಪಿದರು.

ಸಿನಿಮಾ ಬೆಳೆದಂತೆ ಅದೇ ಜರ್ಮನಿಯಲ್ಲಿ ನಟನಟಿಯರ ಕಾರ್ಡುಗಳು ಶುರುವಾದವು. ಹೆನ್ನಿ ಪೋರ್ಟೆನ್, ಆಸ್ಟಾ ನೀಲ್ಸನ್ ಮೊದಲ ತಲೆಮಾರಿನ ತಾರೆಯರು. ಮೂಕಿ ಚಿತ್ರದ ಕಾಲ ಅದು. ತೆರೆಯ ಮೇಲೆ ಮಾತಿಲ್ಲ, ಮುಖವೇ ಎಲ್ಲ. ಆ ಮುಖವನ್ನು ಮನೆಗೆ ಕೊಂಡೊಯ್ಯಲು ಕಾರ್ಡಿಗಿಂತ ಅಗ್ಗದ ದಾರಿ ಬೇರೆ ಇರಲಿಲ್ಲ. ಕಾಗದದ ಅಂಗಡಿಯಲ್ಲಿ, ಚಿತ್ರಮಂದಿರದ ಬಾಗಿಲಲ್ಲಿ ಅವು ಸಿಗುತ್ತಿದ್ದವು.

ರಾಸ್ ಕಾರ್ಡುಗಳು

ಈ ವ್ಯಾಪಾರದಲ್ಲಿ ಎಲ್ಲರಿಗಿಂತ ದೊಡ್ಡ ಹೆಸರು ಬರ್ಲಿನ್ನಿನ ರಾಸ್ ಫೆರ್ಲಾಗ್. ಹೈನ್‌ರಿಷ್ ರಾಸ್ ಎಂಬಾತ ಮೊದಲ ಮಹಾಯುದ್ಧ ಮುಗಿದ ಹೊತ್ತಿಗೆ ಕಟ್ಟಿದ ಪ್ರಕಾಶನ ಅದು. ಮುಂದಿನ ಎರಡು ದಶಕ ಅಲ್ಲಿಂದ ಸಾವಿರಾರು ಬಗೆಯ ಕಾರ್ಡುಗಳು ಹೊರಬಂದವು. ಮಾರ್ಲೀನ್ ಡೀಟ್ರಿಷ್, ಲಿಲಿಯನ್ ಹಾರ್ವಿ, ಎಮಿಲ್ ಯಾನಿಂಗ್ಸ್, ‘ಮೆಟ್ರೊಪೊಲಿಸ್’ ಚಿತ್ರದ ಬ್ರಿಗಿಟ್ಟೆ ಹೆಲ್ಮ್ ಇವರೆಲ್ಲ ಅವುಗಳ ಮೇಲೆ ಇದ್ದಾರೆ. ಗ್ರೇಟಾ ಗಾರ್ಬೊಳಂಥ ಹಾಲಿವುಡ್ ತಾರೆಯರ ಕಾರ್ಡುಗಳನ್ನೂ ರಾಸ್ ತಂದ.

ಕಾರ್ಡಿನ ಅಳತೆ ಸುಮಾರು 9 ಸೆಂಟಿಮೀಟರ್ ಅಗಲ, 14 ಸೆಂಟಿಮೀಟರ್ ಉದ್ದ. ಹೆಚ್ಚಿನವು ಶಾಯಿಯಲ್ಲಿ ಅಚ್ಚಾದವಲ್ಲ. ಬೆಳಕಿಗೆ ಸ್ಪಂದಿಸುವ ಬೆಳ್ಳಿಯ ಲೇಪವಿದ್ದ ಕಾಗದದ ಮೇಲೆ ನೇರವಾಗಿ ತೊಳೆದು ತೆಗೆದ ನಿಜವಾದ ಫೋಟೊಗಳು. ಭೂತಗನ್ನಡಿ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರ ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ, ಈ ಕಾರ್ಡಿನಲ್ಲಿ ಕೆನ್ನೆಯ ನೆರಳು ಎಲ್ಲೂ ತುಂಡಾಗದೆ ಇಳಿಯುತ್ತದೆ. ಅಲೆಕ್ಸಾಂಡರ್ ಬಿಂಡರ್ ಅವರಂಥ ಬರ್ಲಿನ್ನಿನ ಸ್ಟುಡಿಯೊ ಕಲಾವಿದರು ಬೆಳಕನ್ನು ಹೇಗೆ ಕೂರಿಸುತ್ತಿದ್ದರು ಎಂಬುದನ್ನು ನೋಡುವುದಕ್ಕಾದರೂ ಇಂಥದೊಂದು ಕಾರ್ಡನ್ನು ಕೈಯಲ್ಲಿ ಹಿಡಿಯಬೇಕು. ಪರದೆಯ ಮೇಲೆ ನೋಡಿದರೆ ಆ ಸುಖ ಇಲ್ಲ.

ಕೆಳಗಿನ ಅಂಚಿನಲ್ಲಿ ಪುಟ್ಟ ಅಕ್ಷರದ ಸಾಲೊಂದಿರುತ್ತದೆ: ಒಂದು ಸಂಖ್ಯೆ, ಓರೆಗೆರೆ, ಇನ್ನೊಂದು ಸಂಖ್ಯೆ, ಪಕ್ಕದಲ್ಲಿ ಸ್ಟುಡಿಯೊ ಹೆಸರು, ಚಿತ್ರಸಂಸ್ಥೆಯ ಹೆಸರು, ಪ್ರಕಾಶಕನ ಹೆಸರು. ಕೂಡಿಡುವವರು ಮೊದಲು ಓದುವುದು ಈ ಸಾಲನ್ನು. ಸಂಖ್ಯೆ ನೋಡಿ ಕಾರ್ಡು ಸರಿಸುಮಾರು ಯಾವ ವರ್ಷದ್ದೆಂದು ಹೇಳಬಹುದು. 1930ರ ದಶಕದ ಕೊನೆಗೆ ಬಂದ ಕಾರ್ಡುಗಳಲ್ಲಿ ಸಂಖ್ಯೆಯ ಮುಂದೆ ‘ಎ’ ಎಂಬ ಅಕ್ಷರ ಸೇರಿಕೊಂಡಿತು.

ಆ ಅಂಚಿನ ಸಾಲು ಇನ್ನೊಂದು ಕತೆಯನ್ನೂ ಹೇಳುತ್ತದೆ. ಹೈನ್‌ರಿಷ್ ರಾಸ್ ಯಹೂದಿ. ನಾಝಿಗಳು ಯಹೂದಿಗಳ ಅಂಗಡಿ, ಕಾರ್ಖಾನೆ, ಮುದ್ರಣಾಲಯಗಳನ್ನು ಕಿತ್ತುಕೊಳ್ಳುತ್ತಿದ್ದ ದಿನಗಳಲ್ಲಿ ಆತನ ಪ್ರಕಾಶನವೂ ಕೈತಪ್ಪಿತು. ಆತ ದೇಶ ಬಿಟ್ಟು ಅಮೆರಿಕ ಸೇರಿದ. ಆದರೆ ‘ರಾಸ್’ ಎಂಬ ಹೆಸರಿಗೆ ಪೇಟೆಯಲ್ಲಿ ಬೆಲೆ ಇತ್ತಲ್ಲ, ಹಾಗಾಗಿ ಹೊಸ ಯಜಮಾನರು ಹೆಸರನ್ನು ಮಾತ್ರ ಉಳಿಸಿಕೊಂಡರು. 1941ರ ಹೊತ್ತಿಗೆ ‘ಫಿಲ್ಮ್-ಫೋಟೊ-ಫೆರ್ಲಾಗ್’ ಎಂದು ಬದಲಾಗುವ ತನಕ, ಊರು ಬಿಡಿಸಿ ಓಡಿಸಿದ ಮನುಷ್ಯನ ಹೆಸರನ್ನೇ ಹೊತ್ತು ಕಾರ್ಡುಗಳು ಮಾರಾಟವಾಗುತ್ತಿದ್ದವು. ಆ ವರ್ಷಗಳ ನಗುಮುಖದ ಕಾರ್ಡುಗಳನ್ನು ಇದು ಗೊತ್ತಿದ್ದು ನೋಡುವುದು ಕಷ್ಟ.

ಕಾರ್ಡಿನ ಮೇಲಿದ್ದವರ ಬದುಕೂ ಸುಲಭವಾಗಿರಲಿಲ್ಲ. ಹೆನ್ನಿ ಪೋರ್ಟೆನ್ ಯಹೂದಿ ಗಂಡನನ್ನು ಬಿಡಲು ಒಪ್ಪದೆ ಅವಕಾಶಗಳನ್ನು ಕಳೆದುಕೊಂಡಳು. ಯೋಆಖಿಮ್ ಗಾಟ್‌ಶಾಲ್ಕ್ ಎಂಬ ಜನಪ್ರಿಯ ನಟನ ಹೆಂಡತಿ ಯಹೂದಿ. ಆಕೆಯಿಂದ ಬೇರೆಯಾಗೆಂಬ ಒತ್ತಡ ತಾಳದೆ 1941ರಲ್ಲಿ ಹೆಂಡತಿ, ಮಗನೊಂದಿಗೆ ಆತ ಜೀವ ಕಳೆದುಕೊಂಡ. ‘ದಿ ಬ್ಲೂ ಏಂಜೆಲ್’ ಚಿತ್ರದಲ್ಲಿ ಡೀಟ್ರಿಷ್ ಜೊತೆ ನಟಿಸಿದ್ದ ಕುರ್ಟ್ ಗೆರಾನ್‌ನನ್ನು 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಂದರು.

ಕಾರಾಪುರದ ಸಾಬು

ಈಗ ಕಪಿಲೆಯ ಕಡೆ ಬರೋಣ. ನಂಜನಗೂಡಿನಲ್ಲಿ ನಾವು ಮೀಯುವ ಹೊಳೆ, ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಹೊಳೆ, ಮೇಲ್ದಂಡೆಯಲ್ಲಿ ಕಬಿನಿ ಎನಿಸಿಕೊಂಡು ಹೆಗ್ಗಡದೇವನಕೋಟೆಯ ಕಾಡಂಚಿನ ಕಾರಾಪುರವನ್ನು ಹಾದು ಬರುತ್ತದೆ. ಆ ಕಾರಾಪುರದಲ್ಲಿ 1924ರ ಜನವರಿ 27ರಂದು ಹುಟ್ಟಿದವನು ಸಾಬು. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲವಾಗಿ ಹುಡುಗ ಆನೆಲಾಯದ ಆಸರೆಯಲ್ಲಿ ಬೆಳೆಯುತ್ತಿದ್ದ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಎಂಬ ಅಮೆರಿಕದ ನಿರ್ದೇಶಕ ಮೈಸೂರಿಗೆ ಬಂದ. ‘ನಾನೂಕ್ ಆಫ್ ದಿ ನಾರ್ತ್’ ಚಿತ್ರದಿಂದ ಲೋಕಪ್ರಸಿದ್ಧನಾಗಿದ್ದವನು. ಲಂಡನ್ನಿನ ಅಲೆಕ್ಸಾಂಡರ್ ಕೋರ್ಡಾ ಅವರ ಕಂಪನಿಗಾಗಿ ಕಿಪ್ಲಿಂಗ್‌ನ ಆನೆಯ ಕತೆಯೊಂದನ್ನು ಚಿತ್ರ ಮಾಡಬೇಕಿತ್ತು. ಅದಕ್ಕೆ ಆನೆಗಳ ಜೊತೆ ಅಂಜದೆ ಒಡನಾಡುವ ಹುಡುಗನೊಬ್ಬ ಬೇಕಿತ್ತು. ಛಾಯಾಗ್ರಾಹಕ ಆಸ್ಮಂಡ್ ಬೊರಡೇಲ್ ಕಣ್ಣಿಗೆ ಬಿದ್ದವನು ಈ ಸಾಬು. ಕಾಡಾನೆಗಳ ಹಿಂಡಿನ ದೃಶ್ಯಗಳು ನಮ್ಮ ಕಾಡಿನಲ್ಲೇ ಚಿತ್ರೀಕರಣವಾದವು. ಸ್ಟುಡಿಯೊ ಕೆಲಸಕ್ಕೆ ಹುಡುಗನನ್ನು ಇಂಗ್ಲೆಂಡಿಗೆ ಕರೆದೊಯ್ದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ತೆರೆಕಂಡು, ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಫ್ಲಾಹರ್ಟಿ ಮತ್ತು ಸಹನಿರ್ದೇಶಕ ಝೋಲ್ಟಾನ್ ಕೋರ್ಡಾ ಅವರಿಗೆ ನಿರ್ದೇಶನದ ಪ್ರಶಸ್ತಿ ತಂದಿತು. ಹದಿಮೂರು ತುಂಬಿದ ಮಾವುತನ ಮಗ ತಾರೆಯಾದ. ಲಂಡನ್ನಿನ ‘ಪಿಕ್ಚರ್‌ಗೋಯರ್’ ಪತ್ರಿಕೆ ಬರ್ಲಿನ್ನಿನ ರಾಸ್‌ನಂತೆಯೇ ತಾರೆಯರ ಕಾರ್ಡುಗಳನ್ನು ಹೊರತರುತ್ತಿತ್ತು. ತಲೆಗೆ ರುಮಾಲು ಸುತ್ತಿದ ಕಾರಾಪುರದ ಹುಡುಗ ಆ ಕಾರ್ಡುಗಳ ಮೇಲೂ ಬಂದ.

ಜರ್ಮನ್ ತಾರೆಯರ ಕತೆಯೂ ಸಾಬುವಿನ ಕತೆಯೂ ಕೂಡುವುದು 1940ರ ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ. ಅದರಲ್ಲಿ ಸಾಬು ಕಳ್ಳ ಹುಡುಗ ಅಬು. ಎದುರಾಳಿ, ಮಂತ್ರವಾದಿ ಮಂತ್ರಿ ಜಾಫರ್ ಆಗಿ ಕಾನ್ರಾಟ್ ಫೈಟ್. ನಿರ್ದೇಶಕರಲ್ಲಿ ಒಬ್ಬರಾದ ಲುಡ್ವಿಗ್ ಬರ್ಗರ್ ಕೂಡ ಜರ್ಮನಿಯವರೇ. ಯುದ್ಧ ಶುರುವಾಗಿ ಇಂಗ್ಲೆಂಡಿನಲ್ಲಿ ಕೆಲಸ ನಿಂತು, ಉಳಿದ ಭಾಗವನ್ನು ಅಮೆರಿಕದಲ್ಲಿ ಮುಗಿಸಿದರು. ಚಿತ್ರಕ್ಕೆ ಮೂರು ಆಸ್ಕರ್ ಬಂದವು.

ಕಾನ್ರಾಟ್ ಫೈಟ್ ಸಾಮಾನ್ಯ ನಟನಲ್ಲ. 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿ, 1920ರ ‘ಡಾ. ಕ್ಯಾಲಿಗರಿ’ ಚಿತ್ರದಲ್ಲಿ ನಿದ್ದೆಯಲ್ಲೇ ನಡೆದು ಕೊಲೆಗಿಳಿಯುವ ಯುವಕನಾಗಿ ಯುರೋಪನ್ನೇ ನಡುಗಿಸಿದವನು. ಮರುವರ್ಷ ‘ದಾಸ್ ಇಂಡಿಶೆ ಗ್ರಾಬ್‌ಮಾಲ್’ ಚಿತ್ರದಲ್ಲಿ ಭಾರತದ ಮಹಾರಾಜನ ಪಾತ್ರ. ಬರ್ಲಿನ್ ಹೊರವಲಯದಲ್ಲಿ ಕಟ್ಟಿದ ಗುಡಿ ಗೋಪುರಗಳೇ ಅದಕ್ಕೆ ಭಾರತ. ರಾಸ್ ಕಾರ್ಡುಗಳಲ್ಲಿ ಆತನ ಚೂಪು ಮುಖ ಮತ್ತೆ ಮತ್ತೆ ಕಾಣುತ್ತದೆ. 1933ರಲ್ಲಿ ನಾಝಿಗಳು ಅಧಿಕಾರಕ್ಕೆ ಬಂದಾಗ ನಟರೆಲ್ಲ ತಮ್ಮ ಜನಾಂಗ ಯಾವುದೆಂದು ಬರೆದುಕೊಡಬೇಕಾಯಿತು. ಫೈಟ್ ಯಹೂದಿಯಲ್ಲ, ಆತನ ಹೆಂಡತಿ ಲಿಲಿ ಯಹೂದಿ. ಆದರೂ ಆತ ತಾನೂ ಯಹೂದಿ ಎಂದೇ ಬರೆದುಕೊಟ್ಟು ಹೆಂಡತಿಯೊಂದಿಗೆ ಇಂಗ್ಲೆಂಡಿಗೆ ಹೊರಟುಬಿಟ್ಟ.

ಅಂಚಿನ ಸಾಲಿಗೆ ಇಷ್ಟು ಬೆಲೆ ಏಕೆಂದು ಇಲ್ಲಿ ತಿಳಿಯುತ್ತದೆ. ಫೈಟ್‌ನ ಕಾರ್ಡಿನ ಕೆಳಗೆ ‘ರಾಸ್, ಬರ್ಲಿನ್’ ಎಂದಿದ್ದರೆ ಅದು ಆತ ತವರಿನಲ್ಲಿ ರಾಜನಂತೆ ಮೆರೆದ ಕಾಲ. ಲಂಡನ್ನಿನ ಪ್ರಕಾಶಕನ ಹೆಸರಿದ್ದರೆ ಊರು ಬಿಟ್ಟ ಮೇಲಿನ ಕಾಲ. ಅದೇ ಮುಖ, ಅದೇ ಸಹಿ. ನಡುವೆ ಆತ ಮನೆ ಕಳೆದುಕೊಂಡಿದ್ದಾನೆ. ಸಹಿಯೊಂದನ್ನೇ ನೋಡಿ ಬೆಲೆ ಕಟ್ಟುವವರಿಗೆ ಇದು ಕಾಣುವುದಿಲ್ಲ. ‘ಕಾಸಾಬ್ಲಾಂಕಾ’ದಲ್ಲಿ ನಾಝಿ ಅಧಿಕಾರಿಯ ಪಾತ್ರ ಮಾಡಿ, 1943ರ ಏಪ್ರಿಲ್‌ನಲ್ಲಿ ಫೈಟ್ ಅಮೆರಿಕದಲ್ಲೇ ತೀರಿಕೊಂಡ.

ಸಾಬುವೂ ಹಿಂದಿರುಗಿ ನೆಲೆಸಲಿಲ್ಲ. 1944ರಲ್ಲಿ ಅಮೆರಿಕದ ಪೌರನಾಗಿ, ಬಾಂಬರ್ ವಿಮಾನದಲ್ಲಿ ಬಂದೂಕು ಹಿಡಿದು, ಶೌರ್ಯಪದಕ ಪಡೆದ. ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಮೆಹಬೂಬ್ ಖಾನ್ ಮೊದಲು ಯೋಚಿಸಿದ್ದು ಆತನನ್ನೇ, ಅದು ಕೂಡಿಬರಲಿಲ್ಲ. 1963ರ ಡಿಸೆಂಬರ್ 2ರಂದು, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಹೃದಯಾಘಾತ. ಆತ ಬಿಟ್ಟುಹೋದ ಹೊಳೆದಡವೂ ಮೊದಲಿನಂತೆ ಉಳಿಯಲಿಲ್ಲ. ಅಲ್ಲಿನ ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಖೆಡ್ಡಾ ಕೊನೆಯ ಬಾರಿ ನಡೆದದ್ದು 1971ರಲ್ಲಿ. ಬೀಚನಹಳ್ಳಿಯಲ್ಲಿ ಅಣೆಕಟ್ಟು ಎದ್ದಮೇಲೆ ಆನೆ ಹಿಡಿಯುತ್ತಿದ್ದ ಆ ಬಯಲುಗಳೂ ನೀರಿನಡಿಗೆ ಹೋದವು. ಹೊಳೆಯ ಆ ಹಳೆಯ ದಡ ಈಗ ಉಳಿದಿರುವುದು ಚಿತ್ರದ ರೀಲಿನಲ್ಲಿ. ಸಾಬು ಸಹಿ ಮಾಡಿದ ಫೋಟೊಗಳು ಮಾತ್ರ ಹೊರದೇಶದ ಹರಾಜುಗಳಲ್ಲಿ ಆಗಾಗ ಕಾಣಿಸುತ್ತಿರುತ್ತವೆ. ಮೈಸೂರು ಜಿಲ್ಲೆಯ ಯಾವುದಾದರೂ ಸಂಗ್ರಹಾಲಯದ ಗಾಜಿನ ಕಪಾಟಿನಲ್ಲಿ ಅಂಥದೊಂದು ಇರಬೇಕೆಂಬುದು ನನ್ನ ಬಹುದಿನದ ಆಸೆ.

ಮ್ಯೂನಿಕ್ ಕ್ಯಾಮೆರಾ, ತಾತಗುಣಿ ತೋಟ

ಜರ್ಮನ್ ಸಿನಿಮಾದೊಂದಿಗೆ ಕನ್ನಡನಾಡಿನ ನಂಟು ಇಷ್ಟಕ್ಕೇ ಮುಗಿಯಲಿಲ್ಲ. ಹಿಮಾಂಶು ರಾಯ್ ಎಂಬ ಬಂಗಾಳಿ ತರುಣ 1925ರಲ್ಲಿ ಮ್ಯೂನಿಕ್‌ನ ಕಂಪನಿಯೊಂದಿಗೆ ಸೇರಿ ಬುದ್ಧನ ಕತೆಯನ್ನು ‘ಲೈಟ್ ಆಫ್ ಏಷ್ಯಾ’ ಎಂದು ಚಿತ್ರ ಮಾಡಿದ. ನಿರ್ದೇಶಕ ಫ್ರಾಂಝ್ ಓಸ್ಟೆನ್, ಕ್ಯಾಮೆರಾದ ಹಿಂದೆ ಯೋಸೆಫ್ ವಿರ್ಶಿಂಗ್. 1929ರಲ್ಲಿ ರಾಯ್ ಅವರನ್ನು ಮದುವೆಯಾದ ದೇವಿಕಾ ರಾಣಿ ಗಂಡನೊಂದಿಗೆ ಬರ್ಲಿನ್ನಿಗೆ ಹೋಗಿ ಊಫಾ ಸ್ಟುಡಿಯೊದಲ್ಲಿ ಕೆಲಸ ಕಲಿತರು. ಡೀಟ್ರಿಷ್ ‘ದಿ ಬ್ಲೂ ಏಂಜೆಲ್’ನಿಂದ ಹೆಸರಾದದ್ದೂ ಅದೇ ಸ್ಟುಡಿಯೊದಲ್ಲಿ, ಹೆಚ್ಚುಕಡಿಮೆ ಅದೇ ಕಾಲದಲ್ಲಿ.

ದಂಪತಿ 1934ರಲ್ಲಿ ಬಾಂಬೆ ಟಾಕೀಸ್ ಕಟ್ಟಿದಾಗ ಓಸ್ಟೆನ್, ವಿರ್ಶಿಂಗ್ ಇಬ್ಬರೂ ಜೊತೆಗಿದ್ದರು. ‘ಅಛೂತ್ ಕನ್ಯಾ’ ಚಿತ್ರದ ದೇವಿಕಾ ರಾಣಿಯ ಮುಖಕ್ಕೆ ಬಿದ್ದ ಬೆಳಕು ರಾಸ್ ಕಾರ್ಡುಗಳನ್ನು ನೋಡಿ ಬಲ್ಲವರಿಗೆ ಹೊಸದೆನಿಸುವುದಿಲ್ಲ. ಒಂದೇ ದೇಶದ ಕಣ್ಣು ಅದು. ಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಈ ಜರ್ಮನ್ನರನ್ನು ಸೆರೆಶಿಬಿರಕ್ಕೆ ಕಳಿಸಿತು. ಓಸ್ಟೆನ್ ತವರಿಗೆ ಮರಳಿದ. ವಿರ್ಶಿಂಗ್ ಇಲ್ಲೇ ಉಳಿದು ‘ಮಹಲ್’ ಚಿತ್ರಿಸಿದ. ‘ಪಾಕೀಝಾ’ ಚಿತ್ರೀಕರಣದ ನಡುವೆ, 1967ರಲ್ಲಿ, ಕಣ್ಣುಮುಚ್ಚಿದ.

ರಾಯ್ ತೀರಿಕೊಂಡ ಮೇಲೆ ದೇವಿಕಾ ರಾಣಿ 1945ರಲ್ಲಿ ರಷ್ಯದ ಕಲಾವಿದ ಸ್ವೆತೊಸ್ಲಾವ್ ರೋರಿಕ್ ಅವರನ್ನು ಮದುವೆಯಾಗಿ ಸಿನಿಮಾ ಬಿಟ್ಟರು. ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿ, 1994ರ ಮಾರ್ಚ್ 9ರಂದು ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರಲ್ಲಿ ಅವರೇ ಮೊದಲಿಗರು. ಬರ್ಲಿನ್ನಿನಲ್ಲಿ ಪಳಗಿದ ತಾರೆಯೊಬ್ಬರು ದಶಕಗಳ ಕಾಲ ನಮ್ಮ ನಡುವೆಯೇ ಬದುಕಿದ್ದರು.

ಸಹಿ ಅಸಲಿಯೋ, ಅಚ್ಚೋ?

ಸಹಿಯಿಲ್ಲದ ಸಾಮಾನ್ಯ ರಾಸ್ ಕಾರ್ಡುಗಳು ಇಂದಿಗೂ ಕೆಲವೇ ಯೂರೋಗಳಿಗೆ ಸಿಗುತ್ತವೆ. ಸಹಿ ಬಿದ್ದ ತಕ್ಷಣ ಬೆಲೆ ಏರುತ್ತದೆ. ಬೆಲೆ ಏರಿದ ಕಡೆ ನಕಲಿಯೂ ಬರುತ್ತದೆ. ಆದ್ದರಿಂದ ಸಹಿ ಪರೀಕ್ಷಿಸುವುದೇ ಈ ಹವ್ಯಾಸದ ಮುಖ್ಯ ವಿದ್ಯೆ.

ಹಲವು ಕಾರ್ಡುಗಳಲ್ಲಿ ಸಹಿ ಅಚ್ಚಿನ ಭಾಗವೇ ಆಗಿರುತ್ತದೆ. ನಟ ಒಮ್ಮೆ ಸಹಿ ಮಾಡಿಕೊಟ್ಟದ್ದನ್ನು ಮೂಲಚಿತ್ರದ ಜೊತೆಗೇ ಸೇರಿಸಿ ಸಾವಿರಾರು ಪ್ರತಿ ತೆಗೆಯುತ್ತಿದ್ದರು. ಇದು ಮೋಸವಲ್ಲ, ಆಗಿನ ರೂಢಿ. ಈಗ ಅದನ್ನು ಕೈಸಹಿ ಎಂದು ಮಾರಿದರೆ ಮಾತ್ರ ಮೋಸ. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು. ಕೈಯಿಂದ ಬರೆದ ಶಾಯಿ ಫೋಟೊದ ಹೊಳಪಿನ ಮೇಲೆ ಬೇರೆಯಾಗಿ ಕೂತಿರುತ್ತದೆ, ಗೆರೆ ತಿರುಗುವಲ್ಲಿ ದಪ್ಪವಾಗಿ, ಎಳೆಯುವಲ್ಲಿ ಸಣ್ಣಗಾಗಿರುತ್ತದೆ. ಅಚ್ಚಿನ ಸಹಿ ಚಿತ್ರದೊಳಗೇ ಮುಳುಗಿರುತ್ತದೆ. ಅದರ ಮೇಲೆ ಹೊಳಪು ಎಲ್ಲೂ ಮುರಿಯುವುದಿಲ್ಲ.

ಮೂರನೆಯ ಬಗೆ ಇನ್ನೂ ಕಷ್ಟದ್ದು. ಶಾಯಿಯೇನೋ ಅಸಲಿ, ಕೈ ನಟನದಲ್ಲ. ಮೂಟೆಗಟ್ಟಲೆ ಬರುವ ಪತ್ರಗಳಿಗೆ ನಟರ ಕಾರ್ಯದರ್ಶಿಗಳೋ ಮನೆಯವರೋ ಸಹಿ ಹಾಕಿ ಕಳಿಸುತ್ತಿದ್ದುದುಂಟು. ಇದನ್ನು ಹಿಡಿಯಲು ಅದೇ ನಟನ ಒಪ್ಪಂದಪತ್ರ, ಖಾಸಗಿ ಪತ್ರಗಳ ಮೇಲಿನ ಸಹಿಯ ಜೊತೆ ಹೋಲಿಸುವುದೊಂದೇ ದಾರಿ.

ಪೆನ್ನೂ ಸಾಕ್ಷಿ ಹೇಳುತ್ತದೆ. ಬಾಲ್ ಪೆನ್ ಅಂಗಡಿಗಳಲ್ಲಿ ಸಾಮಾನ್ಯ ಗಿರಾಕಿಗೆ ಸಿಗತೊಡಗಿದ್ದು 1945ರ ನಂತರ. 1943ರಲ್ಲಿ ತೀರಿಕೊಂಡ ಕಾನ್ರಾಟ್ ಫೈಟ್‌ನ ಸಹಿ ಬಾಲ್ ಪೆನ್ನಿನಲ್ಲಿದ್ದರೆ ಹೆಚ್ಚಿನ ತನಿಖೆ ಬೇಡ. ಸಣ್ಣ ಮೊನೆಯ ಸ್ಕೆಚ್ ಪೆನ್ನು ಎಲ್ಲೆಡೆ ಬಂದದ್ದು 1960ರ ದಶಕದಲ್ಲಿ. ಹಾಗಾಗಿ ಸಾಬುವಿನ ಸಹಿ ಅದರಲ್ಲಿದ್ದರೂ ಅನುಮಾನಿಸಬೇಕು. ಆ ಕಾಲದ ಹೆಚ್ಚಿನ ಸಹಿಗಳು ಫೌಂಟನ್ ಪೆನ್ನಿನವು. ನುಣುಪು ಕಾಗದದ ಮೇಲೆ ಶಾಯಿ ಅಲ್ಲಲ್ಲಿ ಹಿಂಜರಿದು ಹನಿಗಟ್ಟಿರುವುದು, ಕಂದು ಬಣ್ಣಕ್ಕೆ ತಿರುಗಿರುವುದು ಒಳ್ಳೆಯ ಲಕ್ಷಣ.

ಇನ್ನು ಕಾರ್ಡಿನ ಹಿಂಬದಿ. ನನ್ನ ಮಟ್ಟಿಗೆ ಅರ್ಧ ಕತೆ ಅಲ್ಲೇ ಇರುತ್ತದೆ. ಅಂಚೆಮುದ್ರೆ ಇದ್ದರೆ ಊರು, ತಾರೀಕು ಸಿಕ್ಕಿತು. ಅಂಚೆಚೀಟಿಯ ಮೇಲೆ ಹಿಂಡೆನ್‌ಬರ್ಗ್ ಇದ್ದಾನೋ ಹಿಟ್ಲರ್ ಇದ್ದಾನೋ ನೋಡಿದರೆ ಕಾಲ ಇನ್ನಷ್ಟು ಸ್ಪಷ್ಟ. ಕೆಲವದರಲ್ಲಿ ಹಳೆಯ ಜರ್ಮನ್ ಕೈಬರಹವಿರುತ್ತದೆ. 1941ರಲ್ಲಿ ಅದನ್ನು ಶಾಲೆಗಳಿಂದ ತೆಗೆದ ಕಾರಣ ಇಂದಿನ ಹೆಚ್ಚಿನ ಜರ್ಮನ್ನರೇ ಓದಲಾರರು. ಓದಿಸಿಕೊಂಡರೆ ಸಿಗುವುದು ಹುಟ್ಟುಹಬ್ಬದ ಹಾರೈಕೆಯೋ, ನಿನ್ನೆ ನೋಡಿದ ಚಿತ್ರದ ಸುದ್ದಿಯೋ ಆಗಿರಬಹುದು. ತಾರೆಯ ಕಾರ್ಡನ್ನು ಪ್ರೀತಿಸಿದವರು ಯಾರೆಂದು ಹೇಳುವುದು ಆ ಬರಹವೇ, ಸಹಿಯಲ್ಲ.

ಯುದ್ಧದ ನಂತರವೂ ರೂಢಿ ನಿಲ್ಲಲಿಲ್ಲ. ಪಶ್ಚಿಮ ಜರ್ಮನಿಯಲ್ಲಿ ಹ್ಯಾಂಬರ್ಗಿನ ರೂಡೆಲ್, ಮಿಂಡೆನ್ ಊರಿನ ಕೊಲಿಬ್ರಿ ಮುಂತಾದ ಪ್ರಕಾಶನಗಳು ಕಾರ್ಡು ತಂದವು. ಪೂರ್ವದಲ್ಲಿ ಸರ್ಕಾರಿ ಸಂಸ್ಥೆ ಪ್ರೋಗ್ರೆಸ್. ಇವತ್ತಿಗೂ ಜರ್ಮನಿಯ ನಟರು, ಫುಟ್‌ಬಾಲ್ ಆಟಗಾರರು ಸಹಿ ಮಾಡಿ ಕಳಿಸಲೆಂದೇ ಕಾರ್ಡು ಅಚ್ಚುಹಾಕಿಸುತ್ತಾರೆ. ಚೀಟಿ ಹಚ್ಚಿದ ಮರುಲಕೋಟೆ ಇಟ್ಟು ಬರೆದರೆ ಸಾಕು.

ನಮ್ಮ ಟ್ರಂಕಿನಲ್ಲಿ ಏನಿದೆ?

ನಮ್ಮಲ್ಲೂ ಹೀಗೆ ಬರೆಯುವವರಿದ್ದರು. ಕನ್ನಡ ಚಿತ್ರರಂಗ ಮದರಾಸಿನಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ ಕೋಡಂಬಾಕ್ಕಂ ವಿಳಾಸಕ್ಕೆ ಕಾರ್ಡು ಬರೆದು, ಉತ್ತರವಾಗಿ ಬರುವ ಕಪ್ಪುಬಿಳುಪು ಫೋಟೊಗಾಗಿ ಅಂಚೆಯಣ್ಣನ ದಾರಿ ಕಾದವರು ಹಳೆಯ ಮೈಸೂರಿನ ಊರೂರಲ್ಲಿ ಸಿಗುತ್ತಾರೆ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂದು ರಾಜ್‌ಕುಮಾರ್ ಹೆಸರು ಮನೆಮಾತಾದ ಮೇಲಂತೂ ಈ ಹುಚ್ಚು ಹೆಚ್ಚಿತು. ಟೆಂಟ್ ಸಿನಿಮಾದ ಬಾಗಿಲಲ್ಲಿ ಹಾಡಿನ ಪುಸ್ತಕ ಮಾರುತ್ತಿದ್ದರು. ‘ರೂಪತಾರಾ’, ‘ವಿಜಯಚಿತ್ರ’ದ ಪುಟಗಳನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿದ ಆಲ್ಬಮ್‌ಗಳಿದ್ದವು.

ಇವುಗಳಲ್ಲಿ ಬಹುಪಾಲು ಹೋಗಿದೆ. ಹಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟುವಾಗ, ಅಜ್ಜ ತೀರಿಕೊಂಡು ಕೋಣೆ ಖಾಲಿ ಮಾಡುವಾಗ ಟ್ರಂಕು ನೇರ ಗುಜರಿಗೆ ಹೋಗುತ್ತದೆ. ಹಿತ್ತಾಳೆ ಪಾತ್ರೆಗೆ ಕೊಡುವ ಗಮನದಲ್ಲಿ ಸ್ವಲ್ಪವನ್ನಾದರೂ ಕಾಗದದ ಕಟ್ಟಿಗೆ ಕೊಡಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ರೀಲುಗಳ ಜೊತೆಗೆ ಪೋಸ್ಟರು, ಹಾಡಿನ ಪುಸ್ತಕ, ಫೋಟೊಗಳನ್ನೂ ಕೂಡಿಡುತ್ತಿದೆ. ಆದರೆ ನಂಜನಗೂಡಿನ ಹುಡುಗಿಯೊಬ್ಬಳು ನಟಿಗೆ ಬರೆದು ಪಡೆದ ಉತ್ತರ ಪುಣೆಗೆ ತಾನಾಗಿ ನಡೆದು ಹೋಗುವುದಿಲ್ಲ. ಮೊದಲು ಅದು ಮನೆಯಲ್ಲಿ ಉಳಿಯಬೇಕು.

ಉಳಿಸುವುದು ದುಬಾರಿಯೇನಲ್ಲ. ಎಲ್ಲಕ್ಕಿಂತ ಮೊದಲು, ಲ್ಯಾಮಿನೇಷನ್ ಮಾಡಿಸಬೇಡಿ. ಬಸ್ ನಿಲ್ದಾಣದ ಜೆರಾಕ್ಸ್ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆಗುವ ಆ ಕೆಲಸದ ಬಿಸಿ ಮತ್ತು ಅಂಟು ಹಳೆಯ ಫೋಟೊವನ್ನು ಸರಿಪಡಿಸಲಾಗದಂತೆ ಕೆಡಿಸುತ್ತವೆ. ಸೆಲ್ಲೊಟೇಪ್, ಗೋಂದು ಬೇಡ. ಅಗ್ಗದ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ಕೂಡ ಬೇಡ. ಸೆಕೆಗೆ ಹಾಳೆ ಫೋಟೊದ ಮುಖಕ್ಕೇ ಅಂಟಿಕೊಳ್ಳುತ್ತದೆ. ಕಾರ್ಡಿಗೊಂದು ಬಿಳಿ ಕಾಗದದ ಲಕೋಟೆ ಮಾಡಿ, ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಹೊಳೆಯ ಊರುಗಳಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು. ಆದ್ದರಿಂದ ಪೆಟ್ಟಿಗೆ ನೆಲಕ್ಕೆ, ಹೊರಗೋಡೆಗೆ ತಾಗಬಾರದು. ವರ್ಷಕ್ಕೆರಡು ಸಲ ನೆರಳಿನಲ್ಲಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ. ಅಂಚಿನಲ್ಲಿ ಬೆಳ್ಳಿಯ ಬಣ್ಣದ ಹೊಳಪು ಕಂಡರೆ ಉಜ್ಜಬೇಡಿ. ಅದು ಫೋಟೊದೊಳಗಿನ ಬೆಳ್ಳಿಯೇ ಮೇಲಕ್ಕೆ ಬಂದಿರುವುದು. ಹಳೆಯ ಅಸಲಿ ಫೋಟೊ ಎಂಬುದಕ್ಕೆ ಒಂದು ಗುರುತು ಕೂಡ.

ಕೊನೆಯದಾಗಿ, ಕಾರ್ಡು ಯಾರದ್ದು, ಯಾವ ಊರಿಗೆ ಬಂತು, ಯಾವ ವರ್ಷ, ಮನೆಯಲ್ಲಿ ಯಾರು ಜೋಪಾನ ಮಾಡಿದರು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಲಕೋಟೆಯ ಮೇಲೆ ಬರೆದಿಡಿ. ಕಾರ್ಡಿನ ಹಿಂಬದಿಯಲ್ಲೇ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಬಳಸಿ, ಹಗುರವಾಗಿ ಒತ್ತಿ. ಪೆನ್ನಿನ ಶಾಯಿ ಮುಂಬದಿಗೆ ಇಳಿಯುತ್ತದೆ.